ಮಾತ್ರೆ ಬಂತು, ಊಟ ಎಲ್ಲಿ?

ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವ ಮಗುವನ್ನು ಆಸ್ಪತ್ರೆಗೆ ಕರೆದೊಯ್ದರೆ ಮೊದಲು ನಡೆಯುವುದು ತೂಕ ನೋಡುವ ಕೆಲಸ. ಹನ್ನೆರಡು ವರ್ಷದ ಹುಡುಗಿ ಎಂದಿಟ್ಟುಕೊಳ್ಳಿ. ಚಪ್ಪಲಿ ಬಿಟ್ಟು ತಕ್ಕಡಿ ಹತ್ತುತ್ತಾಳೆ, ಚೀಟಿಯ ಮೂಲೆಯಲ್ಲಿ ‘24 ಕೆ.ಜಿ.’ ಎಂದು ಬೀಳುತ್ತದೆ. ಹೈಡ್ರಾಕ್ಸಿಯೂರಿಯಾ ಎಂಬ ಔಷಧಿಯ ಪ್ರಮಾಣ ತೂಕದ ಮೇಲೆ ನಿಲ್ಲುವುದರಿಂದ ಆ ಅಂಕಿ ವೈದ್ಯರಿಗೆ ಬೇಕು. ಪ್ರಮಾಣ ಗೊತ್ತಾಯಿತು, ಔಷಧಿ ಬರೆದಾಯಿತು, ಅಂಕಿಯ ಕೆಲಸ ಅಲ್ಲಿಗೆ ಮುಗಿಯಿತು. ಈ ವಯಸ್ಸಿನ ಹುಡುಗಿ 24 ಕೆ.ಜಿ. ಯಾಕಿದ್ದಾಳೆ, ಹೋದ ಸಲ ಎಷ್ಟಿದ್ದಳು, ಮುಂದಿನ ಸಲ ಎಷ್ಟಾಗಬೇಕು ಎಂದು ಕೇಳುವುದು ಯಾರ ಪಾಲಿಗೂ ಬಂದಿಲ್ಲ. ತೂಕವನ್ನು ಔಷಧಿ ಅಳೆಯುವುದಕ್ಕಷ್ಟೇ ಬಳಸುವ ಈ ಪದ್ಧತಿ ನಮ್ಮ ದೇಶದ ಸಿಕಲ್ ಸೆಲ್ ಆರೈಕೆಯ ದೊಡ್ಡ ಕೊರತೆ ಎಂಬುದು ನನ್ನ ವಾದ. ಅದನ್ನು ನಾಗಪುರವನ್ನು ಮುಂದಿಟ್ಟುಕೊಂಡು ಹೇಳುವುದಕ್ಕೆ ಕಾರಣವಿದೆ.

ನಾಗಪುರ ಇರುವ ಮಹಾರಾಷ್ಟ್ರದ ವಿದರ್ಭಕ್ಕೆ ಈ ಕಾಯಿಲೆ ಹೊಸದಲ್ಲ. ಭಾರತದಲ್ಲಿ ಸಿಕಲ್ ಜೀನ್ ಮೊದಲು ಕಂಡದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಆರು ವರ್ಷಗಳ ಬಳಿಕ, 1958ರಲ್ಲಿ, ಶುಕ್ಲಾ ಮತ್ತು ಸೋಲಂಕಿ ಎಂಬ ಇಬ್ಬರು ಮಧ್ಯ ಭಾರತದ ಕುರಿತು ‘ಲ್ಯಾನ್ಸೆಟ್’ನಲ್ಲಿ ಬರೆದರು. ಆಗಲೇ ಒಂದು ಸಂಗತಿ ಸ್ಪಷ್ಟವಾಗಿತ್ತು: ಇಲ್ಲಿ ಈ ಜೀನ್ ಗೊಂಡರು, ಪರ್ಧಾನರಂಥ ಬುಡಕಟ್ಟುಗಳಿಗಷ್ಟೇ ಸೀಮಿತವಲ್ಲ. ಮಹಾರ್ ಸಮುದಾಯದಲ್ಲಿ, ಎಂದರೆ ಇಂದಿನ ನವಬೌದ್ಧ ಕುಟುಂಬಗಳಲ್ಲಿ, ಇದು ವ್ಯಾಪಕವಾಗಿದೆ. ಕುಣಬಿ, ತೇಲಿ ಮನೆಗಳಲ್ಲೂ ಕಾಣುತ್ತದೆ. ಅದಕ್ಕೇ ನಾಗಪುರದಲ್ಲಿ ಸಿಕಲ್ ಸೆಲ್ ಕಾಡಿನಂಚಿನ ಕಾಯಿಲೆಯಾಗಿ ಉಳಿದಿಲ್ಲ. ನಗರದ ಬಸ್ತಿಗಳ ಬಾಡಿಗೆ ಮನೆಗಳಲ್ಲಿ, ದಿನಗೂಲಿಯ ಸಂಸಾರಗಳಲ್ಲಿ ಅದು ಬಾಳುತ್ತಿದೆ.

ಈ ಮಕ್ಕಳು ಸಣಕಲಾಗಿರುವುದಕ್ಕೆ ‘ಸರಿಯಾಗಿ ತಿನ್ನುವುದಿಲ್ಲ’ ಎಂಬ ಬೈಗುಳ ಉತ್ತರವಾಗಲಾರದು. ಆರೋಗ್ಯವಂತರ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಕುಡುಗೋಲಿನಂತೆ ಬಾಗಿದ ಕಣದ ಆಯುಷ್ಯ 10ರಿಂದ 20 ದಿನ. ಒಡೆದುಹೋದದ್ದನ್ನು ತುಂಬಿಕೊಡಲು ಎಲುಬಿನ ಮಜ್ಜೆ ಬಿಡುವಿಲ್ಲದೆ ಹೊಸ ಕಣಗಳನ್ನು ಮಾಡಬೇಕು. ರಕ್ತ ತೆಳುವಾದುದರಿಂದ ಹೃದಯ ಹೆಚ್ಚು ದುಡಿಯಬೇಕು. ಮಗು ಸುಮ್ಮನೆ ಮಲಗಿದ್ದಾಗಲೂ ಓರಗೆಯವರಿಗಿಂತ ಹೆಚ್ಚು ಕ್ಯಾಲೊರಿ ಖರ್ಚಾಗುತ್ತದೆ. ಹಗಲಿರುಳು ಒಲೆ ಉರಿಯುವ ಮನೆಗೆ ಪಕ್ಕದ ಮನೆಯಷ್ಟೇ ಸೌದೆ ಕೊಟ್ಟು ಸಾಲುತ್ತದೆ ಎಂದರೆ ಹೇಗೆ? ಅದರ ಮೇಲೆ ನೋವಿನ ಸರದಿ ಬರುತ್ತದೆ. ಕೈಕಾಲು, ಬೆನ್ನು, ಎದೆ ಹಿಂಡುವಂಥ ನೋವು. ಆ ದಿನಗಳಲ್ಲಿ ತುತ್ತು ಇಳಿಯುವುದಿಲ್ಲ. ಜ್ವರ, ಸೋಂಕು ಬಂದಾಗಲೂ ಅದೇ ಕಥೆ. ತಿಂಗಳಿಡೀ ಗಳಿಸಿದ ಅರ್ಧ ಕಿಲೋ ಒಂದು ವಾರದಲ್ಲಿ ಕರಗಿಹೋಗುತ್ತದೆ. ಮೈನೆರೆಯುವುದು ತಡವಾಗುತ್ತದೆ, ಎತ್ತರ ಹಿಂದೆ ಬೀಳುತ್ತದೆ, ಶಾಲೆಯಲ್ಲಿ ಅವಳನ್ನು ಎರಡು ತರಗತಿ ಕೆಳಗಿನವಳೆಂದೇ ತಿಳಿಯುತ್ತಾರೆ.

ಹೀಗಾಗಿ ಇಂಥ ಮಗುವಿನ ತೂಕ ಏರಬೇಕೆಂದರೆ ಮೊದಲ ಮೆಟ್ಟಿಲು ಅಡುಗೆಮನೆಯಲ್ಲಿಲ್ಲ, ಕಾಯಿಲೆಯ ಹತೋಟಿಯಲ್ಲಿದೆ. ಇಲ್ಲಿ ನಾಗಪುರಕ್ಕೆ ಸಲ್ಲಬೇಕಾದ ಗೌರವ ದೊಡ್ಡದು. ಇಲ್ಲಿ ಕಾಣುವ ಅರಬ್–ಭಾರತ ಬಗೆಯ ಸಿಕಲ್ ಸೆಲ್‌ನಲ್ಲಿ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚು ಉಳಿಯುವುದರಿಂದ ಕಾಯಿಲೆ ಸೌಮ್ಯ ಎಂದು ಬಹುಕಾಲ ನಂಬಲಾಗಿತ್ತು. ಮಕ್ಕಳ ತಜ್ಞೆ ದೀಪ್ತಿ ಜೈನ್ ಮತ್ತು ಸಂಗಡಿಗರು ಇಲ್ಲಿನ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ವಿದರ್ಭದಲ್ಲಿ ಅದು ತೀವ್ರವಾಗಿಯೂ ಇರಬಲ್ಲದು ಎಂದು ತೋರಿಸಿದರು. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ತೀವ್ರವಾಗಿ ಬಳಲುತ್ತಿದ್ದ 60 ಮಕ್ಕಳ ಪೈಕಿ ಒಂದು ಗುಂಪಿಗೆ ಕೆ.ಜಿ.ಗೆ ದಿನಕ್ಕೆ 10 ಮಿಲಿಗ್ರಾಂನಂತೆ ಹೈಡ್ರಾಕ್ಸಿಯೂರಿಯಾ ಕೊಡಲಾಯಿತು. ಪಶ್ಚಿಮದ ದೇಶಗಳಲ್ಲಿ ಬಳಸುವುದಕ್ಕಿಂತ ಇದು ಕಡಿಮೆ ಪ್ರಮಾಣ. ಆದರೂ ನೋವಿನ ಸರದಿ, ರಕ್ತ ಕೊಡಿಸುವುದು, ಆಸ್ಪತ್ರೆ ಸೇರುವುದು ಎಲ್ಲವೂ ತಗ್ಗಿದವು. ಬಡ ದೇಶಕ್ಕೆ ಇದು ಅಮೂಲ್ಯವಾದ ಫಲಿತಾಂಶ. ನೋವಿನ ದಿನಗಳು ಕಡಿಮೆಯಾದಷ್ಟೂ ಮಗು ಹೊಟ್ಟೆ ತುಂಬ ಉಣ್ಣುವ ದಿನಗಳು ಹೆಚ್ಚುತ್ತವೆ.

ಆದರೆ ಎರಡನೆಯ ಮೆಟ್ಟಿಲು, ಊಟದ್ದು, ಕಟ್ಟಲೇ ಇಲ್ಲ. ಆ ಖಾಲಿ ಜಾಗಕ್ಕೆ ನುಗ್ಗಿದ್ದು ಔಷಧಿ ಅಂಗಡಿ.

‘ರಕ್ತ ಕಡಿಮೆ ಇದೆ’ ಎಂದೊಡನೆ ಕಬ್ಬಿಣದ ಟಾನಿಕ್ ಕೊಳ್ಳುವುದು ನಮ್ಮೆಲ್ಲರ ಮನೆಯ ರೂಢಿ. ಸಿಕಲ್ ಸೆಲ್‌ನಲ್ಲಿ ರಕ್ತ ಕಡಿಮೆಯಾಗುವುದು ಕಣ ಒಡೆಯುವುದರಿಂದ. ಒಡೆದ ಕಣದ ಕಬ್ಬಿಣ ಬಹುಪಾಲು ದೇಹದಲ್ಲೇ ಉಳಿಯುತ್ತದೆ. ಪದೇ ಪದೇ ರಕ್ತ ಹಾಕಿಸಿಕೊಂಡವರಲ್ಲಿ ಅದು ಯಕೃತ್ತು, ಹೃದಯಗಳಲ್ಲಿ ಜಮೆಯಾಗುತ್ತದೆ. ಕಬ್ಬಿಣದ ಕೊರತೆಯೂ ಜೊತೆಗಿರುವ ಮಕ್ಕಳು ನಮ್ಮಲ್ಲಿ ಇದ್ದಾರೆ, ನಿಜ. ಅದನ್ನು ಹೇಳಬೇಕಾದದ್ದು ಫೆರಿಟಿನ್ ಪರೀಕ್ಷೆ, ಅಂಗಡಿಯವನಲ್ಲ. ಇನ್ನು ಹಾಲಿಗೆ ಬೆರೆಸುವ ಡಬ್ಬಿ ಪುಡಿಗಳು. ಅವುಗಳಲ್ಲಿ ಹೆಚ್ಚಿನವು ಮಾಲ್ಟ್ ಮತ್ತು ಸಕ್ಕರೆ. 2024ರ ಏಪ್ರಿಲಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಸೂಚಿಸಿತು. ಮರುತಿಂಗಳು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿ, ಮೈ ತುಂಬಿಸಿಕೊಳ್ಳಲು ಪ್ರೋಟೀನ್ ಪುಡಿಗಳ ಮೊರೆಹೋಗಬೇಡಿ ಎಂದು ಹೇಳಿತು. ದಿನಗೂಲಿಯ ತಾಯಿ ಒಂದು ಡಬ್ಬಿಗೆ ಸುರಿಯುವ ಹಣದಲ್ಲಿ ವಾರಗಟ್ಟಲೆ ಮೊಟ್ಟೆ, ಶೇಂಗಾ ಬರುತ್ತಿತ್ತು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಎಲ್ಲಕ್ಕಿಂತ ಅಪಾಯದ್ದು ‘ದಪ್ಪ ಆಗುವ ಗುಳಿಗೆ’. ಅದರಲ್ಲಿ ಹಸಿವು ಹೆಚ್ಚಿಸುವ ಸೈಪ್ರೊಹೆಪ್ಟಡಿನ್ ಇದ್ದೀತು, ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಕೂಡ ಇದ್ದೀತು. ಸ್ಟೆರಾಯ್ಡಿನಿಂದ ಕೆನ್ನೆ ತುಂಬುತ್ತದೆ, ತಕ್ಕಡಿಯ ಮುಳ್ಳೂ ಏರುತ್ತದೆ. ಏರಿದ್ದು ನೀರು ಮತ್ತು ಕೊಬ್ಬು. ಸ್ನಾಯು ಒಳಗೊಳಗೇ ಸೊರಗುತ್ತದೆ. ಸಿಕಲ್ ಸೆಲ್ ಇರುವವರಲ್ಲಿ ಸ್ಟೆರಾಯ್ಡ್ ಹೊಸ ನೋವಿನ ಸರದಿಯನ್ನು ಎಬ್ಬಿಸಬಲ್ಲದು. ಸೊಂಟದ ಕೀಲಿಗೆ ರಕ್ತ ಹರಿಯುವುದು ನಿಂತು ಎಲುಬು ಸಾಯುವ ಭಯವನ್ನೂ ಹೆಚ್ಚಿಸುತ್ತದೆ. ಯಾವ ತೂಕ ಏರಿತು ಎಂದು ಕೇಳದೆ ತೂಕ ಏರಿತೆಂದು ಸಂತೋಷಪಡುವುದರ ಬೆಲೆ ಇದು.

ಸರಕಾರದ ಕಾರ್ಯಕ್ರಮಕ್ಕೆ ಬರೋಣ. ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಮಿಷನ್ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾಯಿತು. 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ, 2047ರೊಳಗೆ ನಿರ್ಮೂಲನೆ ಎಂಬ ಗುರಿ. ಪರೀಕ್ಷೆ ಮಾಡಿಸಿಕೊಂಡವರ ಕೈಗೆ ಜೀನ್ ಸ್ಥಿತಿಯ ಕಾರ್ಡ್ ಬರುತ್ತದೆ. ಮದುವೆಗೆ ಮುಂಚೆ ಹುಡುಗ, ಹುಡುಗಿಯ ಕಾರ್ಡುಗಳನ್ನು ಕೂಡಿಸಿ ನೋಡಬೇಕು. ಹಿಂದೆ ಯಾರೂ ಕಣ್ಣೆತ್ತಿ ನೋಡದಿದ್ದ ಕಾಯಿಲೆಗೆ ಇಷ್ಟು ದೊಡ್ಡ ಯೋಜನೆ ಬಂದದ್ದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಮಿಷನ್ನಿನ ದೃಷ್ಟಿ ಹೆಚ್ಚಾಗಿ ಹುಟ್ಟಲಿರುವ ಮಗುವಿನ ಮೇಲಿದೆ. ಈಗಾಗಲೇ ಹುಟ್ಟಿ, ಕಾಯಿಲೆಯೊಂದಿಗೆ ಬೆಳೆಯುತ್ತಿರುವ ಮಗುವಿಗೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಏನು ಸಿಗುತ್ತದೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಕೊಡುವ ಪಟ್ಟಿಯಲ್ಲಿ ‘ಪೋಷಣೆಯ ನೆರವು’ ಎಂಬ ಬಾಬತ್ತಿದೆ. ನೆರವಿನ ವಿವರ: ಫೋಲಿಕ್ ಆಸಿಡ್ ಮಾತ್ರೆಗಳ ವಿತರಣೆ. ಹೊಸ ರಕ್ತಕಣಕ್ಕೆ ಫೋಲೇಟ್ ಬೇಕೇ ಬೇಕು. ಆದರೆ ಅದು ವಿಟಮಿನ್ನು, ಅದರಲ್ಲಿ ಒಂದು ಕ್ಯಾಲೊರಿಯೂ ಇಲ್ಲ, ಒಂದು ಗ್ರಾಂ ಪ್ರೋಟೀನೂ ಇಲ್ಲ. ಮಾತ್ರೆಯನ್ನು ಪೋಷಣೆಯ ಲೆಕ್ಕಕ್ಕೆ ಬರೆದುಕೊಂಡರೆ ಪೋಷಣೆಯ ಕೆಲಸ ಆಗಿಹೋಯಿತು ಎಂದು ಕಾಗದ ಹೇಳುತ್ತದೆ. ಇನ್ನೊಂದು ಮಾತು: ಬುಡಕಟ್ಟು ಪ್ರದೇಶಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಈ ಯೋಜನೆಯಲ್ಲಿ ನಾಗಪುರ ನಗರದ ದಲಿತ, ಹಿಂದುಳಿದ ಕುಟುಂಬಗಳು ಅಂಚಿಗೆ ಸರಿಯುವ ಅಪಾಯವಿದೆ.

ಬೇರೆ ದಾರಿಯಿಲ್ಲ ಎನ್ನುವಂತಿಲ್ಲ. ಕ್ಷಯದ ಕಾರ್ಯಕ್ರಮ ಅದೇ ಆರೋಗ್ಯ ಇಲಾಖೆಯ ಕೈಯಲ್ಲಿದೆ. ಅಲ್ಲಿ ತೂಕಕ್ಕೆ ಈಗ ಬೆಲೆ ಬಂದಿದೆ. ಆ ಬೆಲೆ ತಂದುಕೊಟ್ಟವರಲ್ಲಿ ಮುಖ್ಯರಾದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನವರು. ಅವರ ತಂಡ ಜಾರ್ಖಂಡಿನ 4 ಜಿಲ್ಲೆಗಳಲ್ಲಿ 2,800 ಕ್ಷಯ ರೋಗಿಗಳಿಗೆ ಚಿಕಿತ್ಸೆಯ ಜೊತೆ ತಿಂಗಳಿಗೆ 10 ಕಿಲೋ ಆಹಾರದ ಬುಟ್ಟಿ ಕೊಟ್ಟಿತು. ದಿನಕ್ಕೆ ಸುಮಾರು 1,200 ಕ್ಯಾಲೊರಿ, 52 ಗ್ರಾಂ ಪ್ರೋಟೀನ್ ಸಿಗುವ ಲೆಕ್ಕದಲ್ಲಿ. 2023ರ ಆಗಸ್ಟಿನಲ್ಲಿ ಫಲಿತಾಂಶ ಬಂತು. ಮೊದಲ ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ. 40 ಕಿಲೋ ಇದ್ದವರಿಗೆ ಶೇ 5 ಅಂದರೆ ಎರಡೇ ಎರಡು ಕಿಲೋ. ಆ ಎರಡು ಕಿಲೋ ಬಂದದ್ದು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಯಿಂದ. ರೋಗಿಯ ಮನೆಮಂದಿಗೂ ರೇಷನ್ ಕೊಟ್ಟ ಕಡೆ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ತಗ್ಗಿತು.

ಕ್ಷಯಕ್ಕೆ ಕೊಡುವ ಹಣದ ನೆರವು ಪರಿಪೂರ್ಣ ಎಂದು ನಾನು ಹೇಳಲಾರೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು; ದಿನಕ್ಕೆ ಹದಿನೇಳು ರೂಪಾಯಿಯೂ ಆಗುತ್ತಿರಲಿಲ್ಲ. 2024ರ ನವೆಂಬರಿನಿಂದ ಅದು 1,000 ಆಗಿದೆ. ಹಣ ತಡವಾಗಿ ಜಮೆಯಾಗುತ್ತದೆ ಎಂಬ ದೂರು ಹಳೆಯದು. ಆದರೂ ಅಲ್ಲಿ ಒಂದು ತತ್ತ್ವ ಒಪ್ಪಿತವಾಗಿದೆ: ರೋಗಿಗೆ ಅನ್ನವೂ ಚಿಕಿತ್ಸೆಯ ಭಾಗ. ಆರು ತಿಂಗಳ ಕಾಯಿಲೆಗೆ ಒಪ್ಪಿದ ಈ ಮಾತನ್ನು ಆಜೀವ ಕಾಯಿಲೆಗೆ ಒಪ್ಪದಿರುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಊಟ ಎಂಥದು? ನಾಗಪುರದ ಅಡುಗೆಮನೆಯಲ್ಲಿ ಇಲ್ಲದ್ದೇನನ್ನೂ ತರಬೇಕಾಗಿಲ್ಲ. ವಿದರ್ಭದ ಬಡವರ ತಟ್ಟೆ ನಮ್ಮ ಉತ್ತರ ಕರ್ನಾಟಕದ ತಟ್ಟೆಯ ಒಡಹುಟ್ಟು: ಜೋಳದ ರೊಟ್ಟಿ, ಝುಣಕ, ತೊಗರಿ ಬೇಳೆ, ಅಗಸಿ ಹಿಂಡಿ, ಶೇಂಗಾ. ಒಂದು ಹಿಡಿ ಶೇಂಗಾ, ಮೂವತ್ತು ಗ್ರಾಂ, 170 ಕ್ಯಾಲೊರಿ. ಒಂದು ಮೊಟ್ಟೆ 70. ರೊಟ್ಟಿಗೋ ಬೇಳೆಗೋ ಎರಡು ಚಮಚ ಎಣ್ಣೆ ಬಿಟ್ಟರೆ 90. ಒಂದು ಬಾಳೆಹಣ್ಣು ಹೆಚ್ಚುಕಡಿಮೆ ಅಷ್ಟೇ. ಎಲ್ಲ ಸೇರಿ 400 ದಾಟಿತು, ಹೊಟ್ಟೆ ಬಿರಿಯುವಷ್ಟು ತಿನ್ನಬೇಕಾಗಲಿಲ್ಲ. ಬೇಗ ಹೊಟ್ಟೆ ತುಂಬಿತು ಎನ್ನುವ ಮಗುವಿಗೆ ಅನ್ನದ ರಾಶಿ ಬಡಿಸುವುದಕ್ಕಿಂತ ಇದೇ ಉಪಾಯ: ಕಡಿಮೆ ಗಾತ್ರ, ಹೆಚ್ಚು ಸತ್ವ, ದಿನಕ್ಕೆ ಐದಾರು ಸಲ. ಬೆಳಗಿನ ಪೋಹೆಗೆ ಖಾರದ ತರ್ರಿ ಸುರಿಯುವ ಬದಲು ಶೇಂಗಾ ಹಾಕಿ ಪಕ್ಕದಲ್ಲಿ ಮೊಟ್ಟೆ ಇಟ್ಟರೆ ತಿಂಡಿಯ ಬಲವೇ ಬೇರೆ. ಈ ಕಾಯಿಲೆಯಲ್ಲಿ ಸತು ಮೂತ್ರದಲ್ಲಿ ಹೆಚ್ಚು ಕಳೆದುಹೋಗುತ್ತದೆ. ದಿನಕ್ಕೆ 10 ಮಿಲಿಗ್ರಾಂ ಸತು ಕೊಟ್ಟ ಸಿಕಲ್ ಸೆಲ್ ಮಕ್ಕಳು ಹೆಚ್ಚು ಎತ್ತರ ಬೆಳೆದರೆಂದು ಅಮೆರಿಕದ ಅಧ್ಯಯನವೊಂದು 2002ರಲ್ಲೇ ತೋರಿಸಿದೆ. ಸತು ಸಿಗುವ ಮೊಟ್ಟೆ, ಮಾಂಸ ಇಲ್ಲಿ ಷೋಕಿಯ ಊಟವಲ್ಲ.

ನೀರಿನ ಮಾತು ನಾಗಪುರಕ್ಕೆ ವಿಶೇಷ. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವ ಊರು. ಸಿಕಲ್ ಸೆಲ್ ಇರುವವರ ಮೂತ್ರಪಿಂಡಕ್ಕೆ ನೀರು ಹಿಡಿದಿಡುವ ಶಕ್ತಿ ಕಡಿಮೆ. ಮೈ ಒಣಗಿದರೆ ಕಣ ಬಾಗುತ್ತದೆ, ನೋವು ಎದ್ದು ಕೂರುತ್ತದೆ. ಹಾಗೆಂದು ಊಟಕ್ಕೆ ಮೊದಲೇ ಲೋಟಗಟ್ಟಲೆ ಕುಡಿಸಿದರೆ ಹಸಿವು ಸಾಯುತ್ತದೆ. ಊಟಗಳ ನಡುವೆ ನೀರು, ಮಜ್ಜಿಗೆ. ಶಾಲೆಯಲ್ಲಿ ಬಾಟಲಿ ಪಕ್ಕದಲ್ಲಿರಲಿ, ಮೂತ್ರಕ್ಕೆ ಕೇಳಿದಾಗಲೆಲ್ಲ ಟೀಚರು ಬಿಡಬೇಕು. ತೂಕ ಏರಿಸುವ ಸಲಹೆಯಲ್ಲಿ ಇದನ್ನು ಬರೆಯುವವರು ಕಡಿಮೆ; ಒಂದು ನೋವಿನ ಸರದಿ ತಪ್ಪಿದರೆ ಉಳಿಯುವ ತೂಕ ಯಾವ ಡಬ್ಬಿಗಿಂತಲೂ ಹೆಚ್ಚು. ಅತಿಯಾದ ತೂಕವೂ ಬೇಡ. ಮೊದಲೇ ಸೊರಗಿರುವ ಸೊಂಟದ ಕೀಲು ಅದನ್ನು ಹೊರಲಾರದು. ಹಾಗಾಗಿಯೇ ಬೆಳವಣಿಗೆಯ ಪಟ್ಟಿಯಲ್ಲಿ ಎತ್ತರ, ತೂಕ ಎರಡನ್ನೂ ಮೂರು ತಿಂಗಳಿಗೊಮ್ಮೆ ಗುರುತಿಸಬೇಕು.

ಮೊಟ್ಟೆಯ ವಿಷಯ ಬಂದದ್ದಕ್ಕೆ ಹೇಳಲೇಬೇಕು. ಮಹಾರಾಷ್ಟ್ರ ಸರಕಾರ 2025ರ ಜನವರಿಯಲ್ಲಿ ಶಾಲೆಯ ಬಿಸಿಯೂಟದ ಮೊಟ್ಟೆಗೆ ಕೊಡುತ್ತಿದ್ದ ಹಣ ನಿಲ್ಲಿಸಿತು. ಅದು ವಾರಕ್ಕೊಂದೇ ಮೊಟ್ಟೆ, ಅದೂ ಹೋಯಿತು. ಕರ್ನಾಟಕದಲ್ಲಿ 2021ರಲ್ಲಿ ಯಾದಗಿರಿ, ಕಲಬುರಗಿ ಕಡೆ ಮೊಟ್ಟೆ ಶುರುವಾದಾಗ ಎದ್ದ ಗದ್ದಲ ನೆನಪಿರಬಹುದು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳ ತೂಕ, ಮೊಟ್ಟೆ ಕೊಡದ ಗದಗಿನ ಮಕ್ಕಳಿಗಿಂತ ಹೆಚ್ಚು ಏರಿತೆಂದು ಸರಕಾರ ಮಾಡಿಸಿದ ಅಧ್ಯಯನವೇ ತೋರಿಸಿತು; ಯೋಜನೆ ಇಡೀ ರಾಜ್ಯಕ್ಕೆ ಹರಡಿತು. ನಾಗಪುರದ ಶಾಲೆಯಲ್ಲಿ ಸಿಕಲ್ ಸೆಲ್ ಇರುವ ಮಗುವಿಗೆ ತಪ್ಪಿಹೋದದ್ದು ಅದೇ ಮೊಟ್ಟೆ.

ನಮ್ಮಲ್ಲೂ ಕೆಲಸ ಬಾಕಿಯಿದೆ. ಮಿಷನ್ನಿನ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಚಾಮರಾಜನಗರ, ಎಚ್.ಡಿ. ಕೋಟೆಯ ಸೋಲಿಗರಲ್ಲಿ, ಜೇನುಕುರುಬರಲ್ಲಿ ಈ ಕಾಯಿಲೆ ಇದೆ. ಅವರ ಹಾಡಿಗಳಿಗೆ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯ ಪೌಷ್ಟಿಕ ಆಹಾರ ಯೋಜನೆಯಲ್ಲಿ ಕಾಳು, ಬೇಳೆ, ಬೆಲ್ಲ, ಎಣ್ಣೆ, ತುಪ್ಪ, ಮೊಟ್ಟೆ ಹೋಗುತ್ತವೆ. ಈ ಮಗುವಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅದೇ. ಒಂದು ಇಲಾಖೆಯ ಹತ್ತಿರ ಆಹಾರದ ಚೀಲವಿದೆ, ಇನ್ನೊಂದರ ಹತ್ತಿರ ಸಿಕಲ್ ಸೆಲ್ ರೋಗಿಗಳ ದಾಖಲೆ ಇದೆ. ಆ ಎರಡನ್ನೂ ಜೋಡಿಸಿ, ಮೂರು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯಿಂದ ತೂಕ ಬರೆಸಿದರೆ, ಊಟದಿಂದ ಸಿಕಲ್ ಸೆಲ್ ಮಗು ಎಷ್ಟು ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ಒಂದೆರಡು ವರ್ಷದಲ್ಲಿ ನಮ್ಮದೇ ಲೆಕ್ಕ ಸಿಗುತ್ತದೆ. ಆ ಲೆಕ್ಕ ಹಿಡಿದು ನಾಗಪುರದ ಬಸ್ತಿಗಳಿಗೂ ಅದೇ ಚೀಲ ಕೊಡಿ ಎಂದು ಕೇಳಬಹುದು.