ಶಾಸನಗಣನೆಯಲ್ಲಿ ‘ಮತ್ತು’: ಒಂದು ವಿಮರ್ಶೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ವೀರಗಲ್ಲುಗಳನ್ನು ಕುರಿತು ಬರೆಯುವ ನಮ್ಮ ವಿದ್ಯಾರ್ಥಿಗಳು ಈಚೆಗೆ ಶಾಸನಗಳ ವಿವರವನ್ನು ಗಣಕಯಂತ್ರದ ಪಟ್ಟಿಗೆ ಇಳಿಸಿ, ‘ಆರ್’ ಭಾಷೆಯ ಮೂಲಕ ಎಣಿಸತೊಡಗಿದ್ದಾರೆ. ಒಂದು ಶಾಸನಕ್ಕೆ ಒಂದು ಸಾಲು. ಬೇಕಾದ ಷರತ್ತುಗಳೆಲ್ಲವೂ ಕೂಡಿದ ಸಾಲುಗಳೆಷ್ಟೆಂಬುದು ಪ್ರಶ್ನೆ. ಪದ್ಧತಿ ಸ್ವಾಗತಾರ್ಹವೇ ಸರಿ. ಆದರೆ ಅದರಿಂದ ಬಂದ ಅಂಕಿಗಳನ್ನು ಚರಿತ್ರೆಯ ಆಧಾರವೆಂದು ಹಾಗೆಯೇ ಒಪ್ಪಲಾಗದು.

ಮೊದಲನೆಯ ತೊಡಕು ತಾಲ್ಲೂಕಿನದು. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪಿರಿಯಾಪಟ್ಟಣದ ಕಲ್ಲುಗಳು ಹುಣಸೂರಿನ ಲೆಕ್ಕಕ್ಕೆ ಸೇರಿವೆ. ಕೃಷ್ಣರಾಜನಗರವು ಅಲ್ಲಿ ಎಡತೊರೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಾದರೋ ಹೆಗ್ಗಡದೇವನಕೋಟೆ ಮೂರನೆಯ (1974), ಹುಣಸೂರು ಮತ್ತು ಪಿರಿಯಾಪಟ್ಟಣ ನಾಲ್ಕನೆಯ (1975), ಕೃಷ್ಣರಾಜನಗರ ಐದನೆಯ (1976) ಸಂಪುಟಕ್ಕೆ ಹಂಚಿಹೋಗಿವೆ. ಎರಡೂ ಆವೃತ್ತಿಗಳಿಂದ ಪಟ್ಟಿ ಮಾಡಿದವನು ಒಂದೇ ಕಲ್ಲನ್ನು ಎರಡು ಸಲ, ಎರಡು ತಾಲ್ಲೂಕುಗಳಲ್ಲಿ ಎಣಿಸುವುದು ಅಸಂಭವವೇನಲ್ಲ.

ಎರಡನೆಯದು ಮಾತಿನ ತೊಡಕು. ‘ಹುಣಸೂರು ಮತ್ತು ಪಿರಿಯಾಪಟ್ಟಣದ ವೀರಗಲ್ಲುಗಳು’ ಎಂದಾಗ ನಾವು ಎರಡೂ ತಾಲ್ಲೂಕುಗಳನ್ನು ಕೂಡಿಸುತ್ತೇವೆ. ಯಂತ್ರಕ್ಕೆ ಅದನ್ನೇ ‘ಮತ್ತು’ ಚಿಹ್ನೆಯಿಂದ ಹೇಳಿದರೆ ಉತ್ತರ ಸೊನ್ನೆ. ಏಕೆಂದರೆ ಯಾವ ಸಾಲೂ ಏಕಕಾಲದಲ್ಲಿ ಎರಡು ತಾಲ್ಲೂಕುಗಳಿಗೆ ಸೇರಲಾರದು. ಅಲ್ಲಿ ‘ಅಥವಾ’ ಎನ್ನಬೇಕು, ಆ ಭಾಗವನ್ನು ಆವರಣದೊಳಗೂ ಇಡಬೇಕು. ಆವರಣವಿಲ್ಲದಿದ್ದರೆ ‘ಮತ್ತು’ ಮೊದಲು ಬಿಗಿಯುವುದರಿಂದ, ವೀರಗಲ್ಲೆಂಬ ಷರತ್ತು ಪಿರಿಯಾಪಟ್ಟಣಕ್ಕೆ ಮಾತ್ರ ಅಂಟಿಕೊಂಡು, ಹುಣಸೂರಿನ ದಾನಶಾಸನಗಳೂ ವೀರಗಲ್ಲುಗಳ ಮೊತ್ತದಲ್ಲಿ ಸೇರುತ್ತವೆ. ಸೊನ್ನೆ ಬಂದಾಗ ತಪ್ಪು ಕಣ್ಣಿಗೆ ಬೀಳುತ್ತದೆ. ಈ ಎರಡನೆಯ ತಪ್ಪು ಬೀಳುವುದಿಲ್ಲ.

ನನಗೆ ಅತ್ಯಂತ ಆತಂಕವನ್ನುಂಟುಮಾಡುವುದು ತೇದಿಯಿಲ್ಲದ ಕಲ್ಲುಗಳ ವಿಚಾರ. ಹುಣಸೂರಿನ ಹತ್ತು ವೀರಗಲ್ಲುಗಳಿವೆಯೆಂದು ಭಾವಿಸೋಣ: 1000ಕ್ಕೆ ಹಿಂದಿನವು ನಾಲ್ಕು, ಅನಂತರದವು ಮೂರು, ಕಾಲ ತಿಳಿಯದವು ಮೂರು. ‘ವೀರಗಲ್ಲು ಮತ್ತು 1000ಕ್ಕೆ ಹಿಂದಿನದು’ ಎಂಬ ಷರತ್ತನ್ನು ಕೂಡಿಸಿದರೆ ‘ಆರ್’ ಉತ್ತರ ಕೊಡದೆ, ಲಭ್ಯವಿಲ್ಲವೆಂದು ಪ್ರಾಮಾಣಿಕವಾಗಿ ನುಡಿಯುತ್ತದೆ. ಲಭ್ಯವಿಲ್ಲದುದನ್ನು ಕೈಬಿಡೆಂದು ಆಜ್ಞಾಪಿಸಿದರೆ ನಾಲ್ಕು ಎನ್ನುತ್ತದೆ. ಅದೇ ಷರತ್ತನ್ನು ಚೌಕಾವರಣದಲ್ಲಿಟ್ಟು ಸಾಲುಗಳನ್ನು ಆಯ್ದು ಎಣಿಸಿದರೆ, ಕಾಲ ತಿಳಿಯದ ಮೂರೂ ಬರಿಯ ಸಾಲುಗಳಾಗಿ ನುಸುಳಿ ಏಳಾಗುತ್ತದೆ. ಒಂದೇ ಪ್ರಶ್ನೆಗೆ ಮೂರು ಉತ್ತರ! ನಾಲ್ಕಕ್ಕೆ ಕಡಿಮೆಯಿಲ್ಲ, ಏಳಕ್ಕೆ ಹೆಚ್ಚಿಲ್ಲ ಎನ್ನುವುದಷ್ಟೇ ಇಲ್ಲಿ ನ್ಯಾಯವಾದ ಮಾತು.

ಕೈಬಿಟ್ಟವು ಯಾರ ಕಲ್ಲುಗಳು? ಅರಸನ ಹೆಸರನ್ನೂ ಶಕವರ್ಷವನ್ನೂ ಹೊತ್ತ ದಾನಶಾಸನಕ್ಕೆ ಈ ಭಯ ಕಡಿಮೆ. ತುರುಗಳನ್ನು ಕಾಯುತ್ತ ಸತ್ತವನಿಗಾಗಿ ಊರವರು ನಿಲ್ಲಿಸಿದ, ಎರಡು ಸಾಲಿನ ಬರಹವೂ ಸವೆದುಹೋದ ಕಲ್ಲೇ ಮೊದಲು ಪಟ್ಟಿಯಿಂದ ಜಾರುವುದು. ಹೀಗೆ ಜಾರಿಸಿದ ಮೇಲೆ, ಕೋಟೆಯ ಕಾಡಂಚಿಗಿಂತ ಹುಣಸೂರಿನಲ್ಲಿ ಹೋರಾಟಗಳು ಹೆಚ್ಚಾಗಿದ್ದುವೆಂದು ಬರೆಯುವುದು ಸಾಹಸವೇ ಸರಿ.

ಎರಡು ವರ್ಷಗಳ ಹಿಂದೆ ನಾನೇ ಸಿದ್ಧಪಡಿಸಿದ ಕೋಷ್ಟಕವೊಂದರಲ್ಲಿಯೂ ಈ ದೋಷವಿತ್ತು. ಅದನ್ನು ಈಗ ತಿದ್ದಿ, ಪ್ರತಿ ತಾಲ್ಲೂಕಿಗೂ ಕನಿಷ್ಠ ಮತ್ತು ಗರಿಷ್ಠ ಸಂಖ್ಯೆಗಳೆರಡನ್ನೂ, ಕಾಲ ತಿಳಿಯದ ಕಲ್ಲುಗಳಿಗೆ ಪ್ರತ್ಯೇಕ ಅಂಕಣವನ್ನೂ ಕೊಟ್ಟಿದ್ದೇನೆ.