ದಿನದ ಹಾದಿಯೂ ಚಿತ್ರಪಟವೂ: ಸುಧೀರ ಪಟವರ್ಧನರ ಮುಂಬಯಿ

ಕಟ್ಟಡಗಳನ್ನು ಹಿನ್ನೆಲೆಯಾಗಿ ನಿಲ್ಲಿಸಿದ ಮಾತ್ರಕ್ಕೆ ಚಿತ್ರಕಾರನು ನಗರದ ಕಲಾವಿದನೆನಿಸನು. ನಗರವು ಮನುಷ್ಯನ ಮೈಯ ಮೇಲೆ ಒತ್ತಿದ ಮುದ್ರೆಯನ್ನು ಕಾಣಿಸುವುದೇ ಕಷ್ಟದ ಕೆಲಸ. ಅದನ್ನು ಕೈಕೊಂಡವರಲ್ಲಿ ಸುಧೀರ ಪಟವರ್ಧನರು ಅಗ್ರಗಣ್ಯರು.

1949ರಲ್ಲಿ ಪುಣೆಯಲ್ಲಿ ಜನಿಸಿದ ಇವರು ವೈದ್ಯಕೀಯ ವ್ಯಾಸಂಗ ಮುಗಿಸಿ 1973ರಲ್ಲಿ ಮುಂಬಯಿಗೆ ಬಂದರು. ಠಾಣೆಯಲ್ಲಿ ಕ್ಷಕಿರಣ ತಜ್ಞರಾಗಿ 2005ರವರೆಗೆ ವೃತ್ತಿ ನಡೆಸಿದರು. ಚಿತ್ರಕಲೆ ಇವರಿಗೆ ಸ್ವಯಾರ್ಜಿತ ವಿದ್ಯೆ. ಹಗಲೆಲ್ಲ ದೇಹದೊಳಗಿನ ಎಲುಬುಗಳನ್ನು ಪರೀಕ್ಷಿಸಿದ ಕಣ್ಣು, ಬೀದಿಗಿಳಿದಾಗ ಅದೇ ದೇಹವು ಹೊತ್ತ ದಣಿವನ್ನು ಗುರುತಿಸಿತು. 'ಇರಾನಿ ರೆಸ್ಟೊರೆಂಟ್' (1977), 'ಟ್ರೇನ್' (1980) ಮುಂತಾದ ಕೃತಿಗಳ ವಸ್ತು ಅಪೂರ್ವವಾದುದಲ್ಲ. ಚಹದ ಮೇಜು, ಲೋಕಲ್ ಗಾಡಿ, ಇವು ನಗರವಾಸಿಯು ದಿನವೂ ಕಂಡೂ ಕಾಣದಿರುವ ಸಂಗತಿಗಳು. ಆ ಕಾಲದ ಚಿತ್ರಗಳಲ್ಲಿ ದುಡಿಯುವವನ ಆಕೃತಿ ಪಟವನ್ನೇ ತುಂಬಿ ನಿಲ್ಲುತ್ತದೆ. ಕನಿಕರವನ್ನು ಬೇಡದ ಘನತೆ ಅದಕ್ಕಿದೆ.

ಮುಂದೆ 'ಟೌನ್' (1984), 'ಲೋವರ್ ಪರೇಲ್' (2001) ಚಿತ್ರಗಳ ಹೊತ್ತಿಗೆ ದೃಷ್ಟಿ ವಿಶಾಲವಾಯಿತು, ಮನುಷ್ಯನು ಕಿರಿದಾದನು. ಇದು ಕಲೆಯಲ್ಲ, ಸಮಾಜದ ದಾಖಲೆ ಎಂದು ಆಕ್ಷೇಪಿಸುವವರಿರಬಹುದು. ಆದರೆ ಇವರ ವಿಶಾಲ ನಗರಚಿತ್ರಗಳಲ್ಲಿ ಹಲವು ನೋಟಗಳು ಒಂದಾಗಿ ಹೆಣೆದುಕೊಂಡಿವೆ. ಅಷ್ಟನ್ನೂ ಒಮ್ಮೆಗೇ ಕಾಣಬಲ್ಲ ತಾಣವೊಂದು ಊರಿನಲ್ಲಿಲ್ಲ. ಅದು ಕ್ಯಾಮೆರಾದ ನೋಟವಲ್ಲ, ನಡೆದು ದಣಿದವನ ಸ್ಮರಣೆ.

ಗಂಭೀರವಾದ ಆಕ್ಷೇಪ ಬೇರೆಯಿದೆ. ನೋಟ ಹಿಗ್ಗಿದಾಗ ಮೊದಲ ಚಿತ್ರಗಳ ಆ ಒಬ್ಬನ ಮುಖ ಕೈತಪ್ಪಿತು. ಈ ನಷ್ಟ ನಿಜವೇ. ಆದರೆ ಅದು ಕುಂಚದ ದೋಷವಷ್ಟೇ ಎನ್ನಲಾಗದು. 1982ರ ಜನವರಿಯಲ್ಲಿ ಆರಂಭವಾದ ಜವಳಿ ಗಿರಣಿಗಳ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಬಹುಮಂದಿ ಮರಳಿ ಗಿರಣಿಯ ಬಾಗಿಲು ಕಾಣಲಿಲ್ಲ. ಗಿರಣಿಗಳ ನೆಲದಲ್ಲಿ ಗಗನಚುಂಬಿಗಳೆದ್ದವು. ಮನುಷ್ಯನನ್ನು ಕಿರಿದು ಮಾಡಿದ್ದು ಮೊದಲು ನಗರ, ಅನಂತರ ಚಿತ್ರ.

ಯಶವಂತ ಚಿತ್ತಾಲರೂ ಉದ್ಯೋಗದ ನಡುವೆಯೇ ಬರೆದವರು. 'ಶಿಕಾರಿ'ಯಲ್ಲಿ (1979) ಅವರು ಮುಂಬಯಿಯನ್ನು ಒಬ್ಬನ ಮನಸ್ಸಿನೊಳಗೆ ಅರಸಿದರು. ಪಟವರ್ಧನರು ಅದನ್ನು ಮೈಕಟ್ಟಿನಲ್ಲಿ, ಬೀದಿಯಲ್ಲಿ ಅರಸಿದರು. ಹುಟ್ಟೂರಿನ ತೋಟ, ಹೊಳೆಗಳಿಗಷ್ಟೇ ಸೌಂದರ್ಯವನ್ನು ಮೀಸಲಿಟ್ಟು, ಅನ್ನವಿತ್ತ ನಗರವನ್ನು ಬರಿಯ ಹಾದಿಯೆಂದು ದಾಟಿಹೋಗುವ ವಲಸೆಗಾರನಿಗೆ ಈ ಚಿತ್ರಗಳು ಸೌಮ್ಯವಾಗಿ ಒಂದು ಋಣವನ್ನು ನೆನಪಿಸುತ್ತವೆ: ಎದುರಿನ ಆಸನದಲ್ಲಿ ಕುಳಿತವನನ್ನು ಒಮ್ಮೆಯಾದರೂ ನೆಟ್ಟಗೆ ನೋಡಬೇಕಾದ ಋಣ.