ಅಂಕಿತವೂ ಕೃತಿಸ್ವಾಮ್ಯವೂ

ಗಿಲ್ಲೆಸುಗೂರಿನಿಂದ ಮಾನ್ವಿ, ದೇವದುರ್ಗಗಳವರೆಗೆ ಹಬ್ಬಿರುವ ರಾಯಚೂರು ಸೀಮೆಯು ಹರಿದಾಸಸಾಹಿತ್ಯದ ಎರಡನೆಯ ಘಟ್ಟಕ್ಕೆ ತವರು. ಮಾನ್ವಿಯ ಕಡೆಯ ಚೀಕಲಪರ್ವಿ ವಿಜಯದಾಸರ ಊರು, ಬ್ಯಾಗವಾಟ ಜಗನ್ನಾಥದಾಸರದು, ದೇವದುರ್ಗದ ಕಡೆಯ ಮೊಸರುಕಲ್ಲು ಗೋಪಾಲದಾಸರದು. ಇವರ ಪದಗಳನ್ನು ಹಾಡುವುದಕ್ಕಾಗಲಿ, ಬರೆದುಕೊಳ್ಳುವುದಕ್ಕಾಗಲಿ, ರಾಗವನ್ನು ಬದಲಿಸುವುದಕ್ಕಾಗಲಿ ಯಾರೂ ಯಾರ ಅಪ್ಪಣೆಯನ್ನೂ ಬೇಡಿದವರಲ್ಲ. ಇದನ್ನು ಕಂಡು ನಮ್ಮ ಪೂರ್ವಿಕರಿಗೆ ಕರ್ತೃತ್ವದ ಪರಿವೆಯೇ ಇರಲಿಲ್ಲವೆಂದು ಹೇಳುವುದುಂಟು. ಆ ಮಾತು ವಿಚಾರಕ್ಕೆ ನಿಲ್ಲುವುದಿಲ್ಲ.

ಹತ್ತನೆಯ ಶತಮಾನದ ಆದಿಯಲ್ಲಿದ್ದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣ, ಅರ್ಥಹರಣಗಳನ್ನು ವಿಂಗಡಿಸಿ, ಗ್ರಾಹ್ಯವಾವುದು, ತ್ಯಾಜ್ಯವಾವುದು ಎಂಬುದನ್ನು ಚರ್ಚಿಸಿರುವನು. ದಾಸರಲ್ಲಿ ಆ ವಿವೇಕವು ಅಂಕಿತದ ರೂಪವನ್ನು ತಾಳಿತು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಮುದ್ರಿಕೆಗಳನ್ನು ಪರಿಶೀಲಿಸಿದರೆ, ಉತ್ತರಪದವು ಪುರಂದರದಾಸರಿಂದ ಬಂದ ಪರಂಪರೆಯದು, ಪೂರ್ವಪದವು ವ್ಯಕ್ತಿಯದು ಎಂಬುದು ವಿಶದವಾಗುವುದು. ಹೆಸರು ದೇವರದಾದರೂ ಅದರಿಂದಲೇ ಕವಿಯ ಗುರುತು. ಅದನ್ನು ಕವಿಯು ತಾನೇ ಇಟ್ಟುಕೊಳ್ಳುವಂತಿಲ್ಲ, ಗುರುಮುಖದಿಂದ ಪಡೆಯಬೇಕು. ಆದುದರಿಂದ ಈ ಸಂಪ್ರದಾಯದಲ್ಲಿ ಪದವನ್ನು ಪ್ರತಿಮಾಡುವುದು ಸೇವೆ. ಅಂಕಿತವನ್ನು ಕಿತ್ತು ಬೇರೊಂದನ್ನಿಡುವುದೇ ಚೌರ್ಯ.

ಪಾಶ್ಚಾತ್ಯರ ದೃಷ್ಟಿ ಬೇರೆ ಕಡೆಯಿಂದ ಹೊರಟಿತು. 1710ರ ಇಂಗ್ಲೆಂಡಿನ ಶಾಸನವು ಹೊಸ ಗ್ರಂಥಗಳಿಗೆ 14 ವರ್ಷಗಳ ಮುದ್ರಣಾಧಿಕಾರವನ್ನು ಕೊಟ್ಟಿತು. ಅಲ್ಲಿ ಪ್ರತಿಯೇ ಸ್ವತ್ತು. ಭಾರತದ 1957ರ ಕಾಯಿದೆಯು ಈ ಸ್ವತ್ತಿನೊಡನೆ, ಕೃತಿ ತನ್ನದೆಂದು ಹೇಳಿಕೊಳ್ಳುವ ಮತ್ತು ಅದರ ವಿಕೃತಿಯನ್ನು ತಡೆಯುವ ಕರ್ತೃವಿನ ಹಕ್ಕನ್ನೂ ಮನ್ನಿಸಿದೆ. ಅಂಕಿತದ ಧರ್ಮಕ್ಕೆ ಸಮೀಪವಾದುದು ಈ ಎರಡನೆಯದೇ.

ಅಂಕಿತವು ಬರಿಯ ಅಲಂಕಾರವಲ್ಲವೆಂಬುದಕ್ಕೆ ವಚನಸಾಹಿತ್ಯದಲ್ಲಿ ಈಚಿನ ನಿದರ್ಶನವಿದೆ. ‘ಬಸವ ವಚನದೀಪ್ತಿ’ಯಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ನ ಸ್ಥಾನದಲ್ಲಿ ‘ಲಿಂಗದೇವ’ ಎಂದು ಅಚ್ಚಾದುದರಿಂದ 1998ರಲ್ಲಿ ಕರ್ನಾಟಕ ಸರ್ಕಾರವು ಆ ಗ್ರಂಥವನ್ನು ನಿಷೇಧಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಷೇಧವನ್ನು ಎತ್ತಿಹಿಡಿಯಿತು. ಅಲ್ಲಿ ಆಧಾರವಾದುದು ಕೃತಿಸ್ವಾಮ್ಯವಲ್ಲ, ಭಕ್ತರ ಭಾವನೆಗೆ ಒದಗಿದ ನೋವು. ಗ್ರಂಥನಿಷೇಧವು ಸಾಧುವೇ ಎಂಬುದು ಬೇರೆಯ ಪ್ರಶ್ನೆ. ಸ್ವಾಮ್ಯದ ಅವಧಿಯೇ ಇಲ್ಲದ ಕೃತಿಗೂ ಕರ್ತೃವಿನ ಗುರುತು ಅಳಿಸಬಾರದೆಂಬ ಭಾವ ಜನರಲ್ಲಿ ಉಳಿದಿದೆಯೆಂಬುದಂತೂ ಸಿದ್ಧ.

ದಾಸರ ಪದಗಳನ್ನು ಸಂಪಾದಿಸುವವರಿಗೆ ಇದರಿಂದ ಒಂದು ಹೊಣೆ ಬರುವುದು. ಒಂದೇ ಪದವು ಎರಡು ಅಂಕಿತಗಳಲ್ಲಿ ದೊರೆತಾಗ ತಮಗೆ ಪ್ರಿಯವಾದುದನ್ನು ಇಟ್ಟು ಇನ್ನೊಂದನ್ನು ಮರೆಮಾಡಲಾಗದು. ಎರಡನ್ನೂ ಕಾಣಿಸಿ, ಭಾಷೆ, ಶೈಲಿ, ಹಸ್ತಪ್ರತಿಗಳ ಬಲದಿಂದ ನಿರ್ಣಯಿಸಬೇಕು. ಹಾಡು ಎಲ್ಲರದು, ಅಂಕಿತ ಒಬ್ಬರದು: ಈ ಭೇದವನ್ನು ಕಾಯುವುದೇ ಸಂಪಾದಕನ ಧರ್ಮ.